ಬಲೆ ಬೀಸದ ಹತ್ತು ದಿನ

ಹೋದ ಜನವರಿಯಲ್ಲಿ ಗೆಳತಿಯೊಬ್ಬಳ ಮದುವೆಗೆಂದು ಮೂಡಿಗೆರೆಯಿಂದ ಕಳಸದ ಬಸ್ಸಿನಲ್ಲಿ ಹೋಗುತ್ತಿದ್ದೆ. ಬಾಳೂರಿನ ಹತ್ತಿರ ಒಂದು ಇಳಿಜಾರಿನಲ್ಲಿ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಕಾಫಿ ಹಣ್ಣನ್ನು ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಿದ ಮೇಲೆ ಉಳಿಯುವ ನೀರು ಗುಂಡಿಯಲ್ಲಿ ನಾಲ್ಕು ದಿನ ನಿಂತರೆ ಬರುವ ಹುಳಿ ವಾಸನೆ. ಕೊಳೆತ ಹಣ್ಣು, ಸಗಣಿ, ಸ್ವಲ್ಪ ಹೆಂಡ ಮೂರೂ ಕೂಡಿದ ಹಾಗೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಈ ಟೈಮಲ್ಲಿ ಇದೊಂದು ಇದ್ದದ್ದೇ" ಎಂದರು. ನಾನು ಹೂಂ ಎಂದೆ. ಇಷ್ಟು ವರ್ಷಗಳಾದ ಮೇಲೂ ಆ ವಾಸನೆ ಬಂದರೆ ನಾನು ಮೊದಲು ನೋಡುವುದು ಹತ್ತಿರದಲ್ಲಿ ಎಲ್ಲಾದರೂ ನೀರಿದೆಯೇ, ಅದರ ಮೇಲೆ ಬಿಳಿಯದೇನಾದರೂ ತೇಲುತ್ತಿದೆಯೇ ಎಂದು.

ಆಗ ನನಗೆ ಇಪ್ಪತ್ತಾರು. ಮೀನುಗಾರಿಕೆ ಓದಿ ಮುಗಿಸಿ, ಹಳ್ಳಿಯ ಹೆಂಗಸರಿಂದ ಮೀನು ಸಾಕಿಸುವ ಒಂದು ಯೋಜನೆಯಲ್ಲಿ ಕ್ಷೇತ್ರ ಸಹಾಯಕಿಯಾಗಿ ಸೇರಿದ್ದೆ. ಒಂದು ವರ್ಷದ ಕೆಲಸ, ಮಾರ್ಚಿಗೆ ಮುಗಿಯುತ್ತಿತ್ತು. ಚೆನ್ನಾಗಿ ನಡೆದರೆ ಮುಂದುವರಿಸುತ್ತೇವೆ ಎಂದಿದ್ದರು. ಮೂಡಿಗೆರೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಸ್ಕೂಟಿಯಲ್ಲಿ ಓಡಾಡುತ್ತಿದ್ದೆ. ನನ್ನ ಪಾಲಿಗೆ ಬಂದ ಕೆರೆಗಳಲ್ಲಿ ದೊಡ್ಡದು ಬಾಳೂರಿನ ಮೇಲೆ ಒಂದು ಎಸ್ಟೇಟಿನ ಒಳಗಿತ್ತು. ಕಾಫಿಗೆ ನೀರು ಹೊಡೆಯಲೆಂದು ಎಸ್ಟೇಟಿನ ಒಡೆಯ ಶಂಕರಪ್ಪಗೌಡರ ತಂದೆ ಕಟ್ಟಿಸಿದ ಕೆರೆ. ಅದರಲ್ಲಿ ಮೀನು ಸಾಕಿಕೊಳ್ಳಲು ಗೌಡರು ತಮ್ಮ ಆಳುಗಳಿಗೆ ಕಟ್ಟಿಸಿದ್ದ ಲೈನ್ ಮನೆಗಳ ಏಳು ಹೆಂಗಸರಿಗೆ ಬಿಟ್ಟುಕೊಟ್ಟಿದ್ದರು. ಬೆಳಿಗ್ಗೆಯಿಂದ ಸಂಜೆತನಕ ಅವರ ತೋಟದಲ್ಲೇ ಹಣ್ಣು ಕುಯ್ಯುವವರು, ಕಣದಲ್ಲಿ ಕಾಫಿ ಎಳೆಯುವವರು. ಅವರು ಕಟ್ಟಿಕೊಂಡಿದ್ದ ಸಂಘಕ್ಕೆ ಲಲಿತಕ್ಕ ಮುಂದಾಳು. ನಲವತ್ತು ದಾಟಿದ, ಸಣ್ಣ ಮೈಯ, ಜೋರಾಗಿ ಮಾತಾಡದ ಹೆಂಗಸು. ನಾನು ಏನು ಹೇಳಿದರೂ ತಲೆ ಒಂದು ಕಡೆ ವಾಲಿಸಿ ಕೇಳುವರು. ಒಪ್ಪಿದರೋ ಇಲ್ಲವೋ ತಿಳಿಯುತ್ತಿರಲಿಲ್ಲ.

ತಪ್ಪು ಮಳೆಗಾಲದಲ್ಲೇ ಆಗಿತ್ತು. ಮೀನುಮರಿ ತುಂಬಿದ ಗಾಡಿ ಬಂದ ದಿನ, ಕಳಸದ ಕಡೆಯ ಇನ್ನೊಂದು ಸಂಘದವರು ತಮಗೆ ಬೇಡ ಎಂದುಬಿಟ್ಟರು. ಅಷ್ಟೂ ಮರಿ ಚೀಲಗಳಲ್ಲಿ ಉಸಿರುಕಟ್ಟಿ ಸಾಯುತ್ತವೆ ಎಂಬ ಗಾಬರಿಯಲ್ಲಿ ಅವನ್ನೂ ಈ ಕೆರೆಗೇ ಬಿಡಿಸಿದೆ. ಲಲಿತಕ್ಕ ದಡದ ಮೇಲೆ ನಿಂತು ನೋಡುತ್ತಿದ್ದರು.

"ಇಷ್ಟು ಮರಿ ಈ ಕೆರೆಗೆ ಹಿಡಿಸ್ತದಾ ಮೇಡಮ್?"

"ಹಿಡಿಸುತ್ತೆ ಲಲಿತಕ್ಕ, ಮಳೆ ನೀರು ತುಂಬಾ ಇದೆಯಲ್ಲ."

"ಮಳೆ ನೀರು ಈಗ ಇದೆ" ಎಂದರು ಅವರು. ಅಷ್ಟೇ.

ದೀಪಾವಳಿಯವರೆಗೆ ಎಲ್ಲ ಸರಿಯಾಗಿತ್ತು. ಕಾಟ್ಲಾ, ರೋಹು ಮರಿಗಳು ಅಂಗೈಯುದ್ದ ಆಗಿದ್ದವು. ನಾನು ಫೋಟೋ ತೆಗೆದು ಮೇಲಿನವರಿಗೆ ಕಳಿಸಿದೆ. ಅವರು ಮೆಚ್ಚಿ ಬರೆದರು. ಡಿಸೆಂಬರಿನಲ್ಲಿ ಚಳಿ ಹಿಡಿಯಿತು. ಆ ವರ್ಷದ ಚಳಿ ಬೇರೆ ಥರ ಇತ್ತು. ಬೆಳಗಿನ ಜಾವ ಕೈ ಸೆಟೆದುಕೊಳ್ಳುವಷ್ಟು ಮಂಜು, ಮಧ್ಯಾಹ್ನ ನೆತ್ತಿ ಸುಡುವ ಬಿಸಿಲು. ಕೆರೆಯ ನೀರಿಗೂ ದಿನಕ್ಕೆರಡು ಹವೆ. ಹಣ್ಣು ಕುಯ್ಲು ಜೋರಾಗಿ ಪಲ್ಪರ್ ಹಗಲೆಲ್ಲ ಓಡುತ್ತಿತ್ತು. ಪಲ್ಪರ್ ಮನೆ ಕೆರೆಗಿಂತ ಮೇಲೆ, ಒಂದು ಏರಿ ದಾಟಿದರೆ ಅಲ್ಲೇ. ಅದರ ನೀರು ಒಂದು ಗುಂಡಿಗೆ ಬೀಳುತ್ತಿತ್ತು. ನಾನು ಆ ಗುಂಡಿಯನ್ನು ಹತ್ತಾರು ಸಲ ನೋಡಿದ್ದೆ, ಅದರ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ.

ಜನವರಿಯ ಮೊದಲ ವಾರ ಲಲಿತಕ್ಕನ ಫೋನು ಬಂತು. "ಮೇಡಮ್, ಒಂದು ಮೀನು ಮೇಲೇ ತೇಲ್ತಾ ಓಡಾಡ್ತಾ ಇದೆ. ಹೆದರಿಸಿದ್ರೂ ಒಳಗೆ ಹೋಗಲ್ಲ. ಬೆನ್ನಿನ ಮೇಲೆ ಎಂತದೋ ಕೆಂಪಗಿದೆ."

ಸ್ಕೂಟಿ ಹತ್ತಿ ಹೋದೆ. ಅವರು ಬುಟ್ಟಿಯಲ್ಲಿ ಹಿಡಿದಿಟ್ಟಿದ್ದರು. ರೋಹು ಮೀನು. ಬೆನ್ನಿನ ಮೇಲೆ ಎರಡು ಕಡೆ ಪೊರೆ ಕಳಚಿ, ಒಳಗಿನ ಮಾಂಸ ಕಾಣುವ ಹುಣ್ಣು. ಉಗುರಿನಷ್ಟು ಅಗಲ, ಸುತ್ತ ರಕ್ತದ ಉಂಗುರ. ಪುಸ್ತಕದಲ್ಲಿ ಚಿತ್ರ ನೋಡಿ ಪರೀಕ್ಷೆಯಲ್ಲಿ ಬರೆದಿದ್ದೆ. ಚಳಿಗಾಲದಲ್ಲಿ ಬರುವ ಹುಣ್ಣಿನ ರೋಗ. ನೀರಿನಲ್ಲಿ ಇರುವ ಒಂದು ಜಾತಿಯ ಬೂಷ್ಟು ಮೀನಿನ ಚರ್ಮದೊಳಗೆ ಇಳಿದು ಮಾಂಸವನ್ನು ತಿನ್ನುತ್ತಾ ಹೋಗುತ್ತದೆ. ಒಂದಕ್ಕೆ ಬಂದರೆ ಕೆರೆಗೇ ಬರಬಹುದು. ಇದಕ್ಕೆ ಇಂಥದೇ ಮದ್ದು ಎಂದು ಇಲ್ಲ.

"ಏನಾಗಲ್ಲ ಅಲ್ವಾ?" ಎಂದರು ಲಲಿತಕ್ಕ.

"ಏನಾಗಲ್ಲ" ಎಂದೆ.

ಆ ದಿನದಿಂದ ನನಗೆ ಇನ್ನೊಂದು ಕೆಲಸವೇ ಇರಲಿಲ್ಲ. ಎರಡು ದಿನಕ್ಕೊಮ್ಮೆ ಹೋಗಿ ಬಲೆ ಬೀಸಿಸುತ್ತಿದ್ದೆ. ಎಷ್ಟಕ್ಕೆ ಹುಣ್ಣಿದೆ, ಹೋದ ಸಲಕ್ಕಿಂತ ಹೆಚ್ಚಾಯಿತೇ, ಸಣ್ಣವಕ್ಕೂ ಬಂದಿದೆಯೇ ಎಂದು ತಿಳಿಯದೆ ನನಗೆ ಊಟ ಇಳಿಯುತ್ತಿರಲಿಲ್ಲ. ಹಿಡಿದ ಮೀನುಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ ನೋಡಿ, ಅಳತೆ ತೆಗೆದು, ಫೋಟೋ ತೆಗೆದು, ಮತ್ತೆ ನೀರಿಗೆ ಬಿಡುವುದು. ಒಂದೊಂದು ಸಲ ಬಲೆಗೆ ಮುನ್ನೂರು ಬೀಳುತ್ತಿದ್ದವು. ಅವು ಒಂದರ ಮೇಲೊಂದು ಬಿದ್ದು ಒದ್ದಾಡುತ್ತಿದ್ದವು. ನನ್ನ ಕೈ ತುಂಬಾ ಲೋಳೆ ಅಂಟಿಕೊಳ್ಳುತ್ತಿತ್ತು. ಮೊದಲ ವಾರ ಹತ್ತರಲ್ಲಿ ಒಂದಕ್ಕೆ ಹುಣ್ಣು. ಎರಡನೆಯ ವಾರ ಮೂರಕ್ಕೆ. ಬೆಳಿಗ್ಗೆ ಹೆಂಗಸರು ತೋಟದ ಕೆಲಸಕ್ಕೆ ಹೋಗುವ ಮುಂಚೆ ಸತ್ತವನ್ನು ಆರಿಸಿ, ದೂರದಲ್ಲಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳುತ್ತಿದ್ದರು. ಆಮೇಲೆ ನನಗೆ ಫೋನು ಬರುತ್ತಿತ್ತು. "ಇವತ್ತು ಹದಿನಾಲ್ಕು ಮೇಡಮ್." "ಇವತ್ತು ಇಪ್ಪತ್ತು."

ಸಂಘದಲ್ಲಿ ಜಾನಕಿ ಎಂಬಾಕೆ ನೇರ ಮಾತಿನವಳು. ಮೂಡಿಗೆರೆಯ ಒಂದು ಅಂಗಡಿಯಲ್ಲಿ ಕೋಳಿಗೆ ಕೊಡುವ ಮಾತ್ರೆ ಪುಡಿ ಸಿಗುತ್ತದೆ, ಅದನ್ನು ಕೆರೆಗೆ ಸುರಿದರೆ ಹುಷಾರಾಗುತ್ತವೆ ಎಂದು ಯಾರೋ ಅವಳಿಗೆ ಹೇಳಿದ್ದರು.

"ಅದು ಬೂಷ್ಟಿಗೆ ನಾಟಲ್ಲ ಜಾನಕಿ. ಕೆರೆಯ ನೀರು ಕೆಡುತ್ತೆ, ಕೆಳಗಿನ ಹಳ್ಳಕ್ಕೂ ಹೋಗುತ್ತೆ."

"ಮತ್ತೆ ಯಾವ್ದು ನಾಟ್ತದೆ ಹೇಳಿ. ನೀವು ಬರ್ತೀರಿ, ಹಿಡೀತೀರಿ, ಬರ್ಕೊಳ್ತೀರಿ. ಬರ್ಕೊಂಡ್ರೆ ಹುಣ್ಣು ವಾಸಿಯಾಗ್ತದಾ?"

ಲಲಿತಕ್ಕ "ಸುಮ್ನಿರೆ ಮಾರಾಯ್ತಿ" ಎಂದು ಅವಳ ತೋಳು ಎಳೆದರು. ಆ ಸಂಜೆ ಕೋಣೆಗೆ ಬಂದು ಆ ಪುಡಿ ಕೊಂಡು ಹಾಕಿಬಿಡಲೇ ಎಂದು ನಾನೂ ಯೋಚಿಸಿದೆ. ಏನಾದರೂ ಮಾಡಿದೆ ಎನ್ನಲಿಕ್ಕಾದರೂ ಆಗುತ್ತದಲ್ಲ ಎಂದು.

ಜನವರಿ ಕೊನೆಗೆ ನನ್ನ ಎಡ ಪಕ್ಕೆಯಲ್ಲಿ ಉರಿ ಶುರುವಾಯಿತು. ಸ್ಕೂಟಿಯ ಮೇಲೆ ಗಾಳಿ ತಾಗಿ ಹಿಡಿದುಕೊಂಡಿದೆ ಅಂದುಕೊಂಡೆ. ಮೂರನೆಯ ದಿನ ಬೆನ್ನಿನಿಂದ ಹೊಟ್ಟೆಯ ಕಡೆಗೆ ಸಾಲಾಗಿ ನೀರುಗುಳ್ಳೆ ಎದ್ದವು. ಬಟ್ಟೆ ತಾಗಿದರೆ ಕೆಂಡ ಇಟ್ಟಂತೆ. ಮನೆಯ ಒಡತಿ ನೋಡಿ ಹೌಹಾರಿದರು. "ಸರ್ಪಸುತ್ತು ಇದು! ಹೆಡೆ ಬಾಲ ಕೂಡಬಾರ್ದು, ಕೂಡಿದ್ರೆ ಉಳಿಯಲ್ಲ. ಕೆಮ್ಮಣ್ಣು ಹಚ್ತೀನಿ ಬಾ." ಅವರು ಹಚ್ಚಿದರು, ನಾನು ಹಚ್ಚಿಸಿಕೊಂಡೆ, ಆಮೇಲೆ ಆಸ್ಪತ್ರೆಗೂ ಹೋದೆ.

ಡಾಕ್ಟರಮ್ಮ ನನಗಿಂತ ಸ್ವಲ್ಪವೇ ದೊಡ್ಡವರು. ಗುಳ್ಳೆ ನೋಡಿ, "ಚಿಕ್ಕವರಿದ್ದಾಗ ಅಮ್ಮ, ಅದೇ ಸೀತಾಳೆ ಸಿಡುಬು, ಆಗಿತ್ತಾ?" ಎಂದು ಕೇಳಿದರು.

"ಎರಡನೇ ಕ್ಲಾಸಲ್ಲಿ ಆಗಿತ್ತು."

"ಅದೇ ಇದು. ಹೊರಗಿಂದ ಹೊಸದಾಗಿ ಬಂದದ್ದಲ್ಲ. ಅವತ್ತಿನಿಂದ ನಿಮ್ಮೊಳಗೇ ಮಲಗಿತ್ತು. ಮೈಗೆ ಶಕ್ತಿ ಇರೋವರೆಗೆ ಅದನ್ನ ಒತ್ತಿ ಇಟ್ಕೊಂಡಿರುತ್ತೆ. ಕಾವಲು ಸಡಿಲ ಆದಾಗ ಎದ್ದು ಬರುತ್ತೆ. ಈಗ ಎಷ್ಟು ದಿನದಿಂದ ನಿದ್ದೆ ಇಲ್ಲ ನಿಮಗೆ?"

ನಾನು ಅಲ್ಲೇ ಅತ್ತುಬಿಟ್ಟೆ. ಅವರು ಗಾಬರಿಯಾಗಿ ನೀರು ಕೊಟ್ಟರು. ನೋವಿಗೆ ಅಳುತ್ತಿದ್ದೇನೆ ಅಂದುಕೊಂಡಿರಬೇಕು. ಮಾತ್ರೆ ಬರೆದರು, ಹತ್ತು ದಿನ ಎಲ್ಲಿಗೂ ಹೋಗಬಾರದು ಎಂದರು.

ಹತ್ತು ದಿನ ಬಲಮಗ್ಗುಲಿಗೆ ಮಲಗಿ ಗೋಡೆ ನೋಡಿದೆ. ಮಾಡಲು ಬೇರೇನೂ ಇಲ್ಲದೆ ಕಾಲೇಜಿನ ಹಳೆಯ ನೋಟ್ಸ್ ತೆಗೆದು ಓದಿದೆ. ರೋಗದ ಪಾಠವನ್ನಲ್ಲ, ಅದರ ಹಿಂದಿನ ಪಾಠವನ್ನು. ಪರೀಕ್ಷೆಗೆ ಬರುವುದಿಲ್ಲ ಎಂದು ನಾವೆಲ್ಲ ಬಿಟ್ಟಿದ್ದ ಪಾಠ ಅದು. ಮೀನಿಗೆ ತನ್ನದೇ ಆದ ಮೈಬಿಸಿ ಇಲ್ಲ. ನೀರು ತಣ್ಣಗಾದರೆ ರಕ್ತವೂ ತಣ್ಣಗೆ, ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಕಣಗಳೂ ನಿಧಾನ. ಜಾಗ ಇಕ್ಕಟ್ಟಾದರೆ, ಉಸಿರಾಡುವ ಗಾಳಿ ನೀರಿನಲ್ಲಿ ಕಡಿಮೆಯಾದರೆ, ನೀರು ಹುಳಿಯಾದರೆ, ಮೀನಿನ ಮೈಯಲ್ಲಿ ಗಾಬರಿಯ ರಸ ಊರುತ್ತದೆ. ಒಂದು ಗಳಿಗೆಯ ಗಾಬರಿಗೆ ಅದು ಒಳ್ಳೆಯದು, ಕೊಕ್ಕರೆಯಿಂದ ತಪ್ಪಿಸಿಕೊಂಡು ಓಡಲಿಕ್ಕೆ. ಆದರೆ ವಾರಗಟ್ಟಲೆ ಊರುತ್ತಲೇ ಇದ್ದರೆ ಅದೇ ರಸ ಮೈಯ ಕಾವಲನ್ನು ಕುಗ್ಗಿಸುತ್ತದೆ. ಮತ್ತೆ ಚರ್ಮದ ಮೇಲಿನ ಲೋಳೆ: ರೋಗ ಒಳಗೆ ಹೊಗದಂತೆ ತಡೆಯುವ ಮೊದಲ ಬೇಲಿ ಅದೇ. ಒರಟಾಗಿ ಹಿಡಿದರೆ ಅದು ಕಿತ್ತುಹೋಗುತ್ತದೆ. ಬೂಷ್ಟು ಕೆರೆಯಲ್ಲಿ ಮೊದಲಿನಿಂದಲೂ ಇದ್ದಿರಬೇಕು. ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು ಎಲ್ಲಿಂದ ಬಂತು ಎಂದಲ್ಲ. ಮೀನು ಇಷ್ಟು ದಿನ ತಡೆದುಕೊಂಡದ್ದನ್ನು ಈಗೇಕೆ ತಡೆಯಲಾರದೆ ಹೋಯಿತು ಎಂದು.

ಇಷ್ಟು ಹೊಳೆದ ಮೇಲೆ ನನಗೆ ಸಮಾಧಾನವಾಗಲಿಲ್ಲ, ಇನ್ನೂ ಹೆದರಿಕೆಯಾಯಿತು. ಯಾಕೆಂದರೆ ಆ ಪಟ್ಟಿಯ ಅರ್ಧ ನನ್ನದೇ ಕೆಲಸವಾಗಿತ್ತು.

ಹನ್ನೊಂದನೆಯ ದಿನ ಬಸ್ಸಿನಲ್ಲಿ ಹೋದೆ. ಲಲಿತಕ್ಕ ಏರಿಯ ಮೇಲೆ ಕಾದಿದ್ದರು. ನನ್ನ ಮುಖ ನೋಡಿ, "ಎಷ್ಟು ಬಡವಾಗಿದೀರಿ" ಎಂದರು.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬಾರ್ದು."

"ಹೇಳಿ ಲಲಿತಕ್ಕ."

"ನೀವು ಬಾರದೆ ಇದ್ದ ಈ ಹತ್ತು ದಿನ ನಾವು ಬಲೆ ಬೀಸಲಿಲ್ಲ. ಸಾಯೋದು ಕಡಿಮೆಯಾಗಿದೆ. ಮೊದ್ಲೇ ನನಗೆ ಅನುಮಾನ ಇತ್ತು. ನೀವು ಬಲೆ ಬೀಸಿಸಿ ಹೋದ ಮಾರನೇ ದಿನ, ಅದರ ಮಾರನೇ ದಿನ, ಅವತ್ತೇ ಜಾಸ್ತಿ. ಹೇಳಣ ಅಂದ್ರೆ, ಓದಿದವ್ರು ನೀವು..."

ನಾನು ಏರಿಯ ಮೇಲೆ ಕೂತುಬಿಟ್ಟೆ. ಹತ್ತು ದಿನ ಗೋಡೆ ನೋಡುತ್ತಾ ನಾನು ತಲುಪಿದ ಮಾತನ್ನು ಈ ಹೆಂಗಸು ಸತ್ತ ಮೀನು ಆರಿಸುತ್ತಲೇ ತಿಳಿದುಕೊಂಡಿದ್ದರು. "ನಿಮ್ಮ ಅನುಮಾನ ಸರಿ ಲಲಿತಕ್ಕ. ನಾನು ಹಿಡಿದು ಹಿಡಿದು ನೋಡಿದ್ದರಿಂದ ಅವಕ್ಕೆ ಗಾಯವಾಗಿದೆ. ತಪ್ಪು ನಂದು" ಎಂದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಪಕ್ಕದಲ್ಲಿ ಕೂತು, ನಾನು ಮರಿ ಬಿಡಿಸಿದ ದಿನದ ಬಗ್ಗೆ ಏನೂ ಎತ್ತದೆ, "ಹಂಗಾದ್ರೆ ಇನ್ನೊಂದೂ ಹೇಳ್ತೀನಿ, ಬನ್ನಿ" ಎಂದು ಎದ್ದರು.

ಏರಿಯ ಮೇಲ್ತುದಿಗೆ ಕರೆದುಕೊಂಡು ಹೋದರು. ಪಲ್ಪರ್ ಗುಂಡಿಯ ಕೆಳಗೆ, ಹುಲ್ಲಿನ ನಡುವೆ, ನೆಲ ಕಪ್ಪಗೆ ತೇವವಾಗಿತ್ತು. ಹುಲ್ಲು ಸರಿಸಿದರೆ ಬೆರಳು ದಪ್ಪದ ಕಂದು ನೀರು ಸದ್ದಿಲ್ಲದೆ ಕೆರೆಗೆ ಇಳಿಯುತ್ತಿತ್ತು. ನಾನು ಚೀಲದಿಂದ ಹುಳಿ ಅಳೆಯುವ ಕಾಗದದ ಚೂರು ತೆಗೆದು ಅದ್ದಿದೆ. ಕಾಗದ ಕಿತ್ತಳೆ ಬಣ್ಣಕ್ಕೆ ತಿರುಗಿತು: ಮೀನು ತಾಳದಷ್ಟು ಹುಳಿ.

"ಯಾವಾಗಿಂದ ಗೊತ್ತು ನಿಮಗೆ?"

"ದೀಪಾವಳಿ ಆದ ಮೇಲಿಂದ. ಗುಂಡಿಗೆ ಏಡಿ ತೂತು ಮಾಡಿರ್ಬೇಕು." ಅವರು ದನಿ ತಗ್ಗಿಸಿದರು. "ನಾವೇ ಪಲ್ಪರಲ್ಲಿ ಕೆಲ್ಸ ಮಾಡದು. ನಾವೇ ಹೋಗಿ ಗೌಡ್ರ ಹತ್ರ ನಿಮ್ಮ ಪಲ್ಪರ್ ನೀರಿಂದ ನಮ್ಮ ಮೀನು ಸಾಯ್ತಿದೆ ಅನ್ನಕ್ಕಾಗ್ತದಾ? ಲೈನ್ ಮನೆ ಅವರದ್ದು, ಕೆರೆ ಅವರದ್ದು. ಮೀನೇ ಬೇಡ ಅಂದ್ಬಿಟ್ರೆ?"

ಆ ಭಯ ನನಗೂ ಅಂಟಿತು. ಎರಡು ದಿನ ನಾನೂ ಸುಮ್ಮನಿದ್ದೆ. ಕೆರೆಗೆ ಸುಣ್ಣದ ತಿಳಿ ಹಾಕಿಸಿದೆ; ಒಮ್ಮೆಗೇ ಅಲ್ಲ, ದಿನಕ್ಕಿಷ್ಟು ಎಂದು, ನೀರಿನ ಹುಳಿ ಮೆಲ್ಲಗೆ ತಗ್ಗಲಿ ಎಂದು. ಆದರೆ ಮೇಲಿಂದ ಹುಳಿ ಇಳಿಯುತ್ತಲೇ ಇರುವಾಗ ಕೆಳಗೆ ಸುಣ್ಣ ಹಾಕಿ ಏನು? ಜೊತೆಗೆ ಇನ್ನೊಂದು ಸುದ್ದಿ ಬಂತು. ಕಾಫಿ ಹೂವಾಗಲು ಮುಂದಿನ ವಾರದಿಂದ ಸ್ಪ್ರಿಂಕ್ಲರ್ ಶುರು. ನೀರು ಈ ಕೆರೆಯದೇ. ಆಗಲೇ ನೀರು ಏರಿಯಿಂದ ಎರಡಾಳು ಕೆಳಗೆ ಹೋಗಿ ಮೀನುಗಳು ಇಕ್ಕಟ್ಟಾಗಿದ್ದವು. ಇನ್ನು ಪಂಪು ಹಾಕಿದರೆ ಉಳಿದದ್ದೂ ಮುಗಿಯಿತು.

ಶಂಕರಪ್ಪಗೌಡರು ಅರವತ್ತರ ಹತ್ತಿರದವರು, ಹಣೆಯ ಮೇಲೆ ವಿಭೂತಿ, ಕಾಲಲ್ಲಿ ಗಂಬೂಟು. ಕಣದಲ್ಲಿ ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಬಿಡಿಸಿ ಒಣಗಲು ಹರಡಿದ ಕಾಫಿ ಕಾಳು, ಕೈಯಲ್ಲಿ ಹಿಡಿದು ಕಚ್ಚಿ ನೋಡುತ್ತಿದ್ದರು. ಎಲ್ಲ ಕೇಳಿಸಿಕೊಂಡರು.

"ಅಂದ್ರೆ ನನ್ನಿಂದ ಮೀನು ಸತ್ತವು ಅಂತೀರಿ."

"ನಿಮ್ಮೊಬ್ಬರಿಂದ ಅಲ್ಲ ಗೌಡ್ರೆ. ಮೊದಲು ನನ್ನಿಂದ. ಮರಿ ಜಾಸ್ತಿ ಬಿಡಿಸಿದೆ, ಬಲೆ ಬೀಸಿ ಬೀಸಿ ಗಾಯ ಮಾಡಿದೆ. ಆಮೇಲೆ ಚಳಿ. ಆಮೇಲೆ ಗುಂಡಿ ಸೋರಿಕೆ. ಒಂದೊಂದೇ ಆಗಿದ್ರೆ ತಡ್ಕೊಳ್ತಿದ್ವು."

"ನೋಡಿ ಮೇಡಮ್, ಹೋದ ವರ್ಷ ಹೂಮಳೆ ಬರಲಿಲ್ಲ. ನೀರು ತಡ ಆಗಿ ಅರ್ಧ ಹೂವು ಮೊಗ್ಗಲ್ಲೇ ಸುಟ್ಟೋಯ್ತು. ನನಗೂ ರಾತ್ರಿ ನಿದ್ದೆ ಬರಲ್ಲ. ಪಂಪು ನಿಲ್ಸು ಅಂತ ಮಾತ್ರ ಹೇಳ್ಬೇಡಿ."

"ನಿಲ್ಲಿಸಿ ಅನ್ನಲ್ಲ. ಮೊದಲ ವಾರ ಹಳ್ಳದ ನೀರು ಎಳೆಯೋಕಾಗುತ್ತಾ? ಅಷ್ಟರಲ್ಲಿ ನಾವು ದೊಡ್ಡ ಮೀನು ಹಿಡಿದು ಕೆರೆ ಹಗುರ ಮಾಡ್ತೀವಿ. ಮತ್ತೆ ಆ ಗುಂಡಿ..."

"ಗುಂಡಿ ಬೇರೆ ತೋಡಿಸ್ತೀನಿ. ಕುಯ್ಲು ಮುಗೀಲಿ, ಈಗ ಆಳಿಲ್ಲ. ಅಲ್ಲೀತನಕ ಆ ತೂತಿಗೆ ಮಣ್ಣು ಮೆತ್ತಿ." ಅವರು ಕೈಯಲ್ಲಿದ್ದ ಕಾಳು ಕೆಳಗೆ ಹಾಕಿದರು. "ಹಳ್ಳದಿಂದ ಒಂದು ವಾರ ಎಳೀಬಹುದು. ಒಂದೇ ವಾರ."

ನಾವು ಬಲೆ ಇಳಿಸಿದ್ದು ಒಂದೇ ದಿನ. ಬಿಸಿಲು ಏರಿ ನೀರು ಬೆಚ್ಚಗಾದ ಮೇಲೆ ಮೆಲ್ಲಗೆ ಎಳೆದು, ಆರೋಗ್ಯವಾಗಿದ್ದ ದೊಡ್ಡವನ್ನು ಬಾಳೂರಿನ ಸಂತೆಗೆ ಕಳಿಸಿ, ಉಳಿದವನ್ನು ಕೈ ಮುಟ್ಟಿಸದೆ ಬಿಟ್ಟೆವು. ಆಮೇಲೆ ಬಲೆಯನ್ನು ನಾನೇ ಮಡಚಿ ಲಲಿತಕ್ಕನ ಅಟ್ಟಕ್ಕೆ ಹಾಕಿಸಿದೆ. ಇನ್ನು ಮೀನು ಹೇಗಿವೆ ಎಂದು ತಿಳಿಯಲು ಇದ್ದದ್ದು ಒಂದೇ ದಾರಿ: ಬಿದಿರಿನ ಗಳುವಿಗೆ ಕಟ್ಟಿ ನೀರಿಗೆ ಇಳಿಬಿಟ್ಟ, ತೂತಿನ ಮೇವಿನ ಚೀಲ. ಸಂಜೆಗೆ ಖಾಲಿಯಾದರೆ ತಿಂದವು, ಬದುಕಿವೆ. ಮೊದಲ ದಿನ ಚೀಲ ಹಾಗೇ ಇತ್ತು. ಎರಡನೆಯ ದಿನವೂ. ಇಳಿದು ನೋಡಲು, ಹಿಡಿದು ನೋಡಲು ನನ್ನ ಕೈ ತುರಿಸುತ್ತಿತ್ತು. ಮೂರನೆಯ ದಿನ ಜಾನಕಿ ಗಳು ಎತ್ತಿ, "ಅರ್ಧ ತಿಂದಿದಾವೆ!" ಎಂದು ಕೂಗಿದಳು.

ಅದಾದ ನಾಲ್ಕನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಬಾಬಾಬುಡನ್‌ಗಿರಿಯ ಕಡೆಯಿಂದ ಮೋಡ ಏರಿತು. ನಾನು ಏರಿಯ ಮೇಲಿದ್ದೆ. ತೋಟದಲ್ಲಿ ಹೆಂಗಸರು ಕೇಕೆ ಹಾಕುವುದು ಕೇಳಿಸಿತು. ಹೂಮಳೆ! ಎಲ್ಲರೂ ಹರಕೆ ಹೊತ್ತು ಕಾಯುವ ಮಳೆ. ನಾನು ಮಾತ್ರ ಮೇಲೆ ಪಲ್ಪರ್ ಮನೆಯ ಕಡೆ ನೋಡಿದೆ. ಪಲ್ಪರ್ ಗುಂಡಿ ಕಂಠದವರೆಗೆ ತುಂಬಿತ್ತು. ಮಳೆ ಜೋರಾದರೆ ಅಷ್ಟೂ ಹುಳಿ ನೀರು ಒಂದೇ ಸಲಕ್ಕೆ ಉಕ್ಕಿ, ತಣ್ಣನೆಯ ಮಳೆ ನೀರಿನ ಜೊತೆ ಕೆರೆಗೆ. ಈಗಷ್ಟೇ ಮೇವು ಮುಟ್ಟಿದ ಮೀನುಗಳ ಮೇಲೆ.

ಕಣಕ್ಕೆ ಓಡಿದೆ. ಅಲ್ಲಿ ಬೇರೆಯೇ ಗದ್ದಲ. ಹರಡಿದ್ದ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಮುಚ್ಚಲು ಗೌಡರು, ಮೇಸ್ತ್ರಿ, ಹೆಂಗಸರು ಎಲ್ಲ ಓಡಾಡುತ್ತಿದ್ದರು. ದಪ್ಪ ಹನಿ ಬೀಳಲು ಶುರುವಾಗಿತ್ತು. ವರ್ಷದ ಬೆಳೆ ನೆನೆಯುತ್ತಿರುವವರ ಹತ್ತಿರ ಮೀನಿಗೆ ಆಳು ಕೊಡಿ ಎಂದು ಹೇಗೆ ಕೇಳುವುದು? ಲಲಿತಕ್ಕ ಕಾಫಿ ಎಳೆಯುತ್ತಲೇ ನನ್ನ ಕಡೆ ನೋಡಿದರು, ಆಮೇಲೆ ಗುಂಡಿಯ ಕಡೆ. ಆದರೆ ಕೈಯಲ್ಲಿದ್ದ ಹಲಗೆ ಬಿಡಲಿಲ್ಲ.

ಗೌಡರು ಅದನ್ನು ಕಂಡರು. ಆಮೇಲೆ ಮಳೆಯ ಸದ್ದಿನ ಮೇಲೆ ಕೂಗಿದರು: "ಲಲಿತಾ! ನಿನ್ನ ಸಂಘದವ್ರನ್ನ ಕರ್ಕೊಂಡು ಗುಂಡಿ ಹತ್ರ ಹೋಗು! ಸಿಮೆಂಟ್ ಚೀಲ ಪಂಪ್‌ಹೌಸಲ್ಲಿದೆ, ಮಣ್ಣು ತುಂಬಿ ಹಾಕಿ! ಆ ಕಡೆ ಬದಿ ಕಡಿದು ನೀರು ಸಿಲ್ವರ್ ಓಕ್ ಮರದ ಕಡೆಗೆ ತಿರುಗ್ಸಿ!"

ಮೇಸ್ತ್ರಿ, "ಇಲ್ಲಿ ಕಾಫಿ ನೆನೀತದೆ ಗೌಡ್ರೆ" ಎಂದ.

"ನೆನೀಲಿ ಮಾರಾಯ, ನಾಳೆ ಒಣಗಿಸ್ಬಹುದು" ಎಂದು ಅವರೇ ಹಲಗೆ ಹಿಡಿದರು.

ಏಳು ಹೆಂಗಸರು, ನಾನು. ಜಾನಕಿ ಗುದ್ದಲಿ ಹಾಕಿದಳು, ಒಬ್ಬರು ಚೀಲದ ಬಾಯಿ ಹಿಡಿದರು, ನಾವು ಮಣ್ಣು ತುಂಬಿ ಹೊತ್ತೆವು. ಮಳೆ ಕಣ್ಣು ಬಿಡಲು ಕೊಡುತ್ತಿರಲಿಲ್ಲ. ಒಣಗುತ್ತಿದ್ದ ಪಕ್ಕೆಯ ಗುಳ್ಳೆಗಳ ಮೇಲೆ ಒದ್ದೆ ಬಟ್ಟೆ ಉಜ್ಜಿ ನಾನು ಹಲ್ಲು ಕಚ್ಚಿದ್ದೆ. ಗುಂಡಿಯ ಕೆಳಬದಿಯಲ್ಲಿ ಚೀಲದ ಮೇಲೆ ಚೀಲ ಇಟ್ಟು, ಪಕ್ಕದ ಬದಿ ಕಡಿದಾಗ ಕಂದು ನೀರು ಒಂದು ಕ್ಷಣ ಯೋಚಿಸಿದಂತೆ ನಿಂತು, ಆಮೇಲೆ ತೋಟದ ಒಳಗೆ ತಿರುಗಿ ಹರಿಯಿತು. ಅಷ್ಟೂ ತಡೆಯಲಾಗಲಿಲ್ಲ. ಒಂದಿಷ್ಟು ಕೆರೆಗೆ ಹೋದದ್ದನ್ನು ಕಣ್ಣಾರೆ ಕಂಡೆವು. ಉಳಿದ ಸುಣ್ಣವನ್ನು ನೀರಿಗೆ ಕಲಸಿ ಅಲ್ಲೇ ಚೆಲ್ಲಿದೆವು.

ಮಾರನೆಯ ಬೆಳಿಗ್ಗೆ ಇಡೀ ಗುಡ್ಡಕ್ಕೆ ಮಣ್ಣಿನ ಪರಿಮಳ. ನಾಲ್ಕೆಂಟು ದಿನದಲ್ಲಿ ತೋಟ ಬೆಳ್ಳಗಾಗುತ್ತದೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಕೆರೆಯಲ್ಲಿ ಅರವತ್ತು ಮೀನು ಸತ್ತಿದ್ದವು. ನಾವು ಆರಿಸಿ ಹೂತೆವು. ಎರಡನೆಯ ದಿನ ಹನ್ನೆರಡು. ಮೂರನೆಯ ದಿನ ಎರಡು. ಆಮೇಲೆ ಒಂದು ಬೆಳಿಗ್ಗೆ ಫೋನು ಬಾರದೇ ಇದ್ದಾಗ, ಯಾರಿಗೇನಾಯಿತೋ ಎಂದು ನಾನೇ ಮಾಡಿದೆ. "ಹೇಳೋಕೆ ಎಂತದೂ ಇರಲಿಲ್ಲ ಮೇಡಮ್, ಅದಕ್ಕೆ ಮಾಡಲಿಲ್ಲ" ಎಂದರು ಲಲಿತಕ್ಕ.

ನನ್ನ ಕೆಲಸ ಮುಂದುವರಿಯಲಿಲ್ಲ. ವರದಿಯಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದಿದ್ದೆ, ಮರಿ ಹೆಚ್ಚು ಬಿಡಿಸಿದ್ದನ್ನೂ ಸೇರಿಸಿ. ಬರೆಯದೆ ಇದ್ದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಮೇ ತಿಂಗಳಲ್ಲಿ, ಮಳೆಗಾಲಕ್ಕೆ ಮುಂಚೆ ಕೆರೆ ಎಳೆಯುವ ದಿನ ಮಾತ್ರ ನನ್ನ ಖರ್ಚಿನಲ್ಲೇ ಹೋದೆ. ಬಿಟ್ಟದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಉಳಿದಿದ್ದವು. ದಪ್ಪಗೆ, ಚುರುಕಾಗಿ, ಬಲೆಯಿಂದ ಹಾರಿ ಹಾರಿ ಬೀಳುತ್ತಿದ್ದವು. ಕೆಲವಕ್ಕೆ ಹುಣ್ಣು ಮಾಗಿ, ಪೊರೆ ಬಾರದ ಜಾಗ ನಾಣ್ಯದಗಲ ಕಪ್ಪಗೆ ಉಳಿದಿತ್ತು. ಅಂಥ ನೂರು ಮೀನುಗಳನ್ನು ವ್ಯಾಪಾರಿ ಪಕ್ಕಕ್ಕೆ ಎಸೆದ. "ಕಲೆ ಇದ್ದದ್ದು ಯಾರೂ ತಗೊಳ್ಳಲ್ಲ."

"ತಿನ್ನಬಹುದು, ಮಾಗಿದ ಗಾಯ ಅದು, ಚೆನ್ನಾಗಿ ಬೇಯಿಸಿದ್ರೆ ಏನೂ ಆಗಲ್ಲ" ಎಂದೆ. ಅವನು ನಕ್ಕು ಗಾಡಿ ಹತ್ತಿದ.

ಹೆಂಗಸರು ಆ ಮೀನುಗಳನ್ನು ಲೈನಿಗೆ ತಂದು ಸಾರು ಮಾಡಿದರು. ಮಧ್ಯಾಹ್ನ ಅಂಗಳದಲ್ಲಿ ಚಾಪೆ ಹಾಸಿದರು. ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂತವು. ಅನ್ನ ಬಿತ್ತು, ಸಾರು ಬಿತ್ತು. ಆದರೆ ಯಾರೂ ಕೈ ಹಾಕಲಿಲ್ಲ. ಮಗುವೊಂದು ತಟ್ಟೆಗೆ ಕೈ ಇಟ್ಟಾಗ ಜಾನಕಿ ಮೆಲ್ಲಗೆ ಅದರ ಮಣಿಕಟ್ಟು ಹಿಡಿದುಕೊಂಡಳು. ಎಲ್ಲರೂ ನನ್ನನ್ನು ನೋಡುತ್ತಿದ್ದರು. ಬೇಸರದಿಂದಲ್ಲ, ಅನುಮಾನದಿಂದಲೂ ಪೂರ್ತಿ ಅಲ್ಲ. ತಿನ್ನಬಹುದು ಎಂದು ಹೇಳಿದವಳು ನಾನು. ಹಿಡಿಸುತ್ತೆ ಎಂದು ಹೇಳಿದವಳೂ, ಏನಾಗಲ್ಲ ಎಂದು ಹೇಳಿದವಳೂ ನಾನೇ.

ನನ್ನ ತಟ್ಟೆಗೆ ಬಿದ್ದ ಹೋಳಿನ ಮೇಲೆ ಆ ಕಪ್ಪು ಕಲೆ ಇತ್ತು. ಅದು ತಾನಾಗಿ ಬಂದದ್ದೋ, ಲಲಿತಕ್ಕ ನೋಡಿಯೇ ಹಾಕಿದ್ದೋ ತಿಳಿಯಲಿಲ್ಲ. ಓದಿದ್ದು ಸರಿ ಎಂದು ತಲೆಗೆ ಗೊತ್ತಿತ್ತು. ಕಲೆಯ ಜಾಗದಲ್ಲೇ ಮುರಿದು, ಅನ್ನದೊಂದಿಗೆ ಕಲಸಿ, ಬಾಯಿಗೆ ಹಾಕಿಕೊಂಡೆ. ಅಗಿದೆ. ನುಂಗಿದೆ.

ಜಾನಕಿ ಮಗುವಿನ ಕೈ ಬಿಟ್ಟಳು.

ಲಲಿತಕ್ಕ ಸಾರಿನ ಸೌಟು ಹಿಡಿದು ನನ್ನ ಮುಂದೆ ಬಗ್ಗಿದರು. "ಉಪ್ಪು ಸಾಕಾ ಮೇಡಮ್?" ಎಂದು ಕೇಳಿದರು.